ಯುದ್ಧ ಮುಗಿಯುವ ಮೊದಲೇ ಹೈಸ್ಕೂಲಿನ ಫೀಸು ಮುಗಿಯಿತು

ಇಂಗ್ಲೆಂಡಿನ ಉತ್ತರಕ್ಕೆ, ಸ್ಕಾಟ್ಲೆಂಡ್ ಗಡಿಗೆ ಹತ್ತಿರ, ವಿಗ್ಟನ್ ಎಂಬ ಸಣ್ಣ ಪೇಟೆ ಇದೆ. ಸುತ್ತ ಹೊಲಗಳು, ದನ ಕುರಿ, ವಾರದ ಸಂತೆ. ನಮ್ಮ ಕಡೆಯ ಹೋಬಳಿ ಊರನ್ನು ನೆನೆಸಿಕೊಂಡರೆ ಸಾಕು. ಆ ಊರಲ್ಲಿ ಎರಡನೇ ಮಹಾಯುದ್ಧಕ್ಕೂ ಮುಂಚಿನಿಂದ ಹುಡುಗರಿಗೊಂದು, ಹುಡುಗಿಯರಿಗೊಂದು ಗ್ರಾಮರ್ ಸ್ಕೂಲ್ ಇದ್ದವು. ಹೆಸರು ಬೇರೆ, ಆದರೆ ನಮ್ಮ ಲೆಕ್ಕದಲ್ಲಿ ಅವು ಹೈಸ್ಕೂಲುಗಳೇ. ಮುಂದೆ ಎರಡೂ ಸೇರಿ ಒಂದಾದವು.

ಊರಲ್ಲಿ ಹೈಸ್ಕೂಲಿದೆ ಎಂದ ಮಾತ್ರಕ್ಕೆ ಊರ ಮಕ್ಕಳೆಲ್ಲ ಅಲ್ಲಿ ಓದುತ್ತಿದ್ದರು ಎಂದಲ್ಲ. ಆಗ ಇಂಗ್ಲೆಂಡಿನಲ್ಲಿ ಹೆಚ್ಚಿನ ಮಕ್ಕಳು ಊರ ಶಾಲೆಯಲ್ಲೇ ಕಲಿತು 14 ವರ್ಷಕ್ಕೆ ಓದು ಬಿಡುತ್ತಿದ್ದರು. ಆಮೇಲೆ ಗದ್ದೆ, ಗಣಿ, ಕಾರ್ಖಾನೆ, ಇಲ್ಲವೇ ಯಾರದೋ ಮನೆಗೆಲಸ. ಗ್ರಾಮರ್ ಸ್ಕೂಲಿಗೆ ಹೋಗಲು ಅಪ್ಪ ಫೀಸು ಕಟ್ಟಬೇಕು, ಇಲ್ಲವೇ ಪರೀಕ್ಷೆ ಬರೆದು ಉಚಿತ ಸೀಟು ಗೆಲ್ಲಬೇಕು. ಸೀಟು ಗೆದ್ದರೂ ಸಮವಸ್ತ್ರಕ್ಕೆ ದುಡ್ಡಿಲ್ಲದೆ ಬಿಟ್ಟುಕೊಟ್ಟ ಮನೆಗಳಿದ್ದವು. ಈ ಕಷ್ಟ ನಮ್ಮ ಓದುಗರಿಗೆ ಬಿಡಿಸಿ ಹೇಳಬೇಕಿಲ್ಲ.

ಶಾಲೆ ಬಿಡುವ ವಯಸ್ಸನ್ನು 14ರಿಂದ 15ಕ್ಕೆ ಏರಿಸುವ ಕಾನೂನು 1936ರಲ್ಲೇ ಆಗಿತ್ತು. ಜಾರಿಗೆ ಗೊತ್ತುಮಾಡಿದ್ದ ದಿನ 1939ರ ಸೆಪ್ಟೆಂಬರ್ 1. ಅದೇ ದಿನ ಹಿಟ್ಲರ್‌ನ ಸೈನ್ಯ ಪೋಲೆಂಡಿಗೆ ನುಗ್ಗಿತು. ಕಾನೂನು ಮೂಲೆ ಸೇರಿತು.

ಅದೇ ದಿನ ಇನ್ನೊಂದು ಕೆಲಸ ಶುರುವಾಯಿತು. ನಗರಗಳ ಮೇಲೆ ಬಾಂಬು ಬೀಳುತ್ತದೆಂದು ಮಕ್ಕಳನ್ನು ರೈಲು ಹತ್ತಿಸಿ ಹಳ್ಳಿ, ಸಣ್ಣ ಪೇಟೆಗಳಿಗೆ ಕಳಿಸತೊಡಗಿದರು. ಮೂರೇ ದಿನದಲ್ಲಿ ಸುಮಾರು 15 ಲಕ್ಷ ಜನ ಹೀಗೆ ಊರು ಬಿಟ್ಟರು. ಹೆಚ್ಚಿನವರು ಶಾಲಾ ಮಕ್ಕಳು. ಕೋಟಿಗೆ ಹೆಸರಿನ ಚೀಟಿ, ಹೆಗಲಿಗೆ ವಿಷಾನಿಲದ ಮುಖವಾಡ ಇಟ್ಟ ಪೆಟ್ಟಿಗೆ. ಕೆಲವು ಕಡೆ ಇಡೀ ಶಾಲೆಯೇ ಮೇಷ್ಟ್ರುಗಳ ಸಮೇತ ಹೊರಟಿತು. ಹಡಗು ಕಟ್ಟುವ ನಗರ ನ್ಯೂಕಾಸಲ್‌ನ ಡೇಮ್ ಅಲನ್ಸ್ ಎಂಬ ಹಳೆಯ ಶಾಲೆ ನೂರು ಕಿಲೋಮೀಟರಿಗೂ ಹೆಚ್ಚು ದೂರದ ವಿಗ್ಟನ್‌ಗೆ ಬಂತು.

ಒಂದು ಶಾಲೆಗಾಗುವಷ್ಟು ಕಟ್ಟಡಕ್ಕೆ ಎರಡು ಶಾಲೆಯ ಮಕ್ಕಳು ಬಂದರೆ ಏನು ಮಾಡುವುದು? ಇಂತಹ ಊರುಗಳಲ್ಲಿ ಅನೇಕ ಕಡೆ ಪಾಳಿ ಹಾಕಿದರು. ಬೆಳಿಗ್ಗೆ ಊರ ಮಕ್ಕಳು, ಮಧ್ಯಾಹ್ನ ನಗರದ ಮಕ್ಕಳು. ಉಳಿದ ಹೊತ್ತಿಗೆ ಚರ್ಚಿನ ಹಾಲ್, ಸಿಕ್ಕ ಕೋಣೆ. ವಯಸ್ಸಿನ ಮೇಷ್ಟ್ರುಗಳು ಸೈನ್ಯಕ್ಕೆ ಹೋದರು, ನಿವೃತ್ತರಾದವರನ್ನು ವಾಪಸು ಕರೆದರು. ಮದುವೆಯಾದರೆ ಕೆಲಸ ಬಿಡಬೇಕು ಎಂಬ ನಿಯಮದಿಂದ ಮನೆಗೆ ಹೋಗಿದ್ದ ಶಿಕ್ಷಕಿಯರನ್ನೂ ಕರೆದರು. ಆ ನಿಯಮ ಅಲ್ಲಿಯವರೆಗೆ ಬಹುತೇಕ ಜಿಲ್ಲೆಗಳಲ್ಲಿತ್ತು!

ಈ ವಲಸೆಯಿಂದ ಒಂದು ವಿಷಯ ಬಯಲಾಯಿತು. ನಗರದ ಬಡ ಮಕ್ಕಳನ್ನು ಇಟ್ಟುಕೊಂಡ ಮನೆಗಳವರು ತಲೆಯಲ್ಲಿ ಹೇನು, ಕಾಲಿಗೆ ಸರಿಯಾದ ಶೂ ಇಲ್ಲದ್ದು, ಹೊಟ್ಟೆ ತುಂಬ ಊಟ ಕಾಣದ್ದನ್ನು ಕಣ್ಣಾರೆ ಕಂಡರು. ಮೊದಲು ಬೈದರು, ಪತ್ರಿಕೆಗಳಿಗೆ ದೂರು ಬರೆದರು. ಆಮೇಲೆ ಪ್ರಶ್ನೆ ತಿರುಗಿತು. ಈ ಮಕ್ಕಳ ಅಪ್ಪ, ಅಣ್ಣಂದಿರೇ ತಾನೇ ಯುದ್ಧದಲ್ಲಿರುವುದು? ಅವರು ವಾಪಸು ಬಂದಾಗ ಮಕ್ಕಳಿಗೆ ಮತ್ತೆ ಅದೇ 14 ವರ್ಷದ ಓದೇ?

1941ರಲ್ಲಿ ರಿಚರ್ಡ್ ಬಟ್ಲರ್ ಶಿಕ್ಷಣದ ಹೊಣೆ ಹೊತ್ತರು. ಇವರು ಹುಟ್ಟಿದ್ದು ಇಂದಿನ ಪಾಕಿಸ್ತಾನದ ಅಟ್ಟಾಕ್‌ನಲ್ಲಿ, ಅಪ್ಪ ಇಲ್ಲಿ ಐಸಿಎಸ್ ಅಧಿಕಾರಿ. ಯುದ್ಧದ ನಡುವೆ ಶಿಕ್ಷಣದ ಜಗಳ ಎಬ್ಬಿಸಬೇಡಿ ಎಂದು ಪ್ರಧಾನಿ ಚರ್ಚಿಲ್ ಹೇಳಿದರೂ ಬಟ್ಲರ್ ಕೆಲಸ ನಿಲ್ಲಿಸಲಿಲ್ಲ. ಚರ್ಚ್ ಶಾಲೆಗಳವರ ಜೊತೆ ಎರಡು ವರ್ಷ ಹಗ್ಗಜಗ್ಗಾಟ ನಡೆಸಿ, 1943ರ ಡಿಸೆಂಬರಿನಲ್ಲಿ ಮಸೂದೆಯನ್ನು ಸಂಸತ್ತಿಗೆ ತಂದರು.

ಅಲ್ಲೊಂದು ಸ್ವಾರಸ್ಯ ನಡೆಯಿತು. ಶಿಕ್ಷಕಿಯರಿಗೆ ಶಿಕ್ಷಕರಷ್ಟೇ ಸಂಬಳ ಕೊಡಬೇಕು ಎಂದು ಥೆಲ್ಮಾ ಕ್ಯಾಜಲೆಟ್-ಕೀರ್ ಎಂಬ ಸಂಸದೆ ತಿದ್ದುಪಡಿ ತಂದರು. 117 ಮತ ಪರ, 116 ವಿರೋಧ. ಒಂದೇ ಮತದಲ್ಲಿ ಗೆದ್ದುಬಿಟ್ಟರು. ಚರ್ಚಿಲ್ ಕೆರಳಿ, ಇದು ಸರ್ಕಾರದ ಮೇಲಿನ ವಿಶ್ವಾಸದ ಪ್ರಶ್ನೆ ಎಂದು ಮತ್ತೆ ಮತಕ್ಕೆ ಹಾಕಿಸಿ ಅದನ್ನು ಬೀಳಿಸಿದರು. ಸಮಾನ ಸಂಬಳ ಪೂರ್ತಿ ಸಿಗಲು 1961 ಬರಬೇಕಾಯಿತು. ಆದರೆ ಮದುವೆಯಾದರೆ ಕೆಲಸ ಹೋಗುತ್ತದೆ ಎಂಬ ನಿಯಮವನ್ನು ಈ ಕಾನೂನು ತೆಗೆದುಹಾಕಿತು.

1944ರ ಆಗಸ್ಟ್ 3ರಂದು ಕಾನೂನು ಬಂತು. 1945ರ ಏಪ್ರಿಲ್ 1ರಿಂದ ಸರ್ಕಾರ ನಡೆಸುವ ಗ್ರಾಮರ್ ಸ್ಕೂಲುಗಳಲ್ಲಿ ಫೀಸು ರದ್ದು. ಜರ್ಮನಿ ಶರಣಾಗಲು ಇನ್ನೂ ಒಂದು ತಿಂಗಳ ಮೇಲಿತ್ತು. ಶಾಲೆಯಲ್ಲಿ ಮಧ್ಯಾಹ್ನದ ಊಟ ಒದಗಿಸುವುದು ಸ್ಥಳೀಯ ಆಡಳಿತದ ಕರ್ತವ್ಯವಾಯಿತು. ಬಿಸಿಯೂಟದ ತಟ್ಟೆ ಹಿಡಿದು ಸಾಲಲ್ಲಿ ನಿಂತ ನಮ್ಮಂಥವರಿಗೆ ಈ ಒಂದು ಸಾಲಿನ ಬೆಲೆ ಗೊತ್ತು. 1947ರಲ್ಲಿ ಶಾಲೆ ಬಿಡುವ ವಯಸ್ಸು ಕೊನೆಗೂ 15 ಆಯಿತು.

ಹಾಗೆಂದು ಎಲ್ಲರಿಗೂ ಬಾಗಿಲು ತೆರೆಯಲಿಲ್ಲ. ಫೀಸಿನ ಜಾಗಕ್ಕೆ ಪರೀಕ್ಷೆ ಬಂತು. 11ನೇ ವಯಸ್ಸಿನಲ್ಲಿ ಬರೆಯುವ ಆ ಪರೀಕ್ಷೆಯಲ್ಲಿ ಹೆಚ್ಚುಕಡಿಮೆ ಐವರಲ್ಲಿ ಒಬ್ಬರು ಗ್ರಾಮರ್ ಸ್ಕೂಲಿಗೆ, ಉಳಿದವರಲ್ಲಿ ಹೆಚ್ಚಿನವರು ಕಡಿಮೆ ಸವಲತ್ತಿನ ಬೇರೆ ಶಾಲೆಗೆ. ಸಿರಿವಂತರ ಖಾಸಗಿ ಶಾಲೆಗಳನ್ನು ಯಾರೂ ಮುಟ್ಟಲಿಲ್ಲ. 11 ವರ್ಷದ ಮಗುವಿನ ಹಣೆಬರಹವನ್ನು ಒಂದು ಬೆಳಗಿನ ಪರೀಕ್ಷೆ ಬರೆಯುವುದು ಯಾವ ನ್ಯಾಯ? ನಮಗಂತೂ ಒಪ್ಪಿಗೆಯಿಲ್ಲ. ಆದರೂ ಆ ಕಿಂಡಿಯಿಂದ ಹೊರಬಂದವರಿದ್ದಾರೆ. ಯುದ್ಧ ಶುರುವಾದ ತಿಂಗಳಲ್ಲೇ ಹುಟ್ಟದಿದ್ದರೂ ಅದೇ ವರ್ಷದ ಅಕ್ಟೋಬರಿನಲ್ಲಿ ಹುಟ್ಟಿದ ಮೆಲ್ವಿನ್ ಬ್ರ್ಯಾಗ್ ವಿಗ್ಟನ್‌ನಲ್ಲೇ ಬೆಳೆದವರು. ಅಪ್ಪ ಅಮ್ಮ ಹೆಂಡದಂಗಡಿ ನಡೆಸುತ್ತಿದ್ದರು. ಊರಿನ ಗ್ರಾಮರ್ ಸ್ಕೂಲಿನಿಂದ ಆಕ್ಸ್‌ಫರ್ಡ್‌ಗೆ ಹೋಗಿ, ಮುಂದೆ ಕಾದಂಬರಿಕಾರರಾಗಿ, ಬಿಬಿಸಿಯ ಹೆಸರಾಂತ ದನಿಯಾದರು. ಸೈನಿಕನೊಬ್ಬ ಯುದ್ಧ ಮುಗಿಸಿ ವಿಗ್ಟನ್‌ಗೆ ಮರಳುವ ಕತೆಯನ್ನೂ ಬರೆದರು.

ಈಗ ನಮ್ಮ ಕಡೆಗೆ ಬರೋಣ. ಅದೇ 1944ರಲ್ಲಿ, ಅದೇ ಬ್ರಿಟಿಷರ ಆಳ್ವಿಕೆಯಲ್ಲಿ, ಭಾರತದ ಮಕ್ಕಳಿಗೂ ಒಂದು ಯೋಜನೆ ತಯಾರಾಯಿತು. ಬರೆಸಿದವರು ಸರ್ಕಾರದ ಶಿಕ್ಷಣ ಸಲಹೆಗಾರ ಜಾನ್ ಸಾರ್ಜೆಂಟ್. 6ರಿಂದ 14 ವರ್ಷದವರೆಗೆ ಉಚಿತ, ಕಡ್ಡಾಯ ಶಿಕ್ಷಣ. ಹೈಸ್ಕೂಲಿಗೆ ಮಾತ್ರ ಇಲ್ಲೂ 11ನೇ ವಯಸ್ಸಿನಲ್ಲಿ ಆಯ್ಕೆ, ಐವರಲ್ಲಿ ಒಬ್ಬರಿಗೆ. ಓದು ಬಲ್ಲವರು ನೂರಕ್ಕೆ 16 ಜನ ಇದ್ದ ದೇಶಕ್ಕೆ ಇದು ಸಣ್ಣ ಮಾತಲ್ಲ. ಆದರೆ ಎಷ್ಟು ದಿನದಲ್ಲಿ? 40 ವರ್ಷ. ಅಂದರೆ 1984ಕ್ಕೆ. ಇಂಗ್ಲೆಂಡಿನ ಮಕ್ಕಳಿಗೆ ತಿಂಗಳುಗಳ ಲೆಕ್ಕ, ಹಿಂದಿನ ವರ್ಷವಷ್ಟೇ ಬಂಗಾಳದಲ್ಲಿ ಲಕ್ಷಗಟ್ಟಲೆ ಜನ ಹಸಿವಿನಿಂದ ಸತ್ತ ನಾಡಿನ ಮಕ್ಕಳಿಗೆ ತಲೆಮಾರಿನ ಲೆಕ್ಕ.

40 ವರ್ಷ ತೀರಾ ಹೆಚ್ಚಾಯಿತೆಂದು ನಮ್ಮ ನಾಯಕರು ಆಗಲೇ ತಕರಾರು ತೆಗೆದರು. ಸ್ವಾತಂತ್ರ್ಯ ಬಂದ ಮೇಲೆ ಸಂವಿಧಾನದಲ್ಲಿ 10 ವರ್ಷದ ಗಡುವು ಬರೆದುಕೊಂಡೆವು. 1960 ಬಂತು, ಹೋಯಿತು. 1984ಕ್ಕೂ ಆಗಲಿಲ್ಲ. ನಮ್ಮಲ್ಲಿ ಶಿಕ್ಷಣ ಹಕ್ಕು ಕಾಯ್ದೆ ಜಾರಿಯಾದದ್ದು 2010ರ ಏಪ್ರಿಲ್ 1ರಂದು, ಸಾರ್ಜೆಂಟ್ ವರದಿ ಬಂದು 66 ವರ್ಷಕ್ಕೆ. ಅದೂ 14 ವರ್ಷದವರೆಗೆ, ಎಂಟನೇ ತರಗತಿಗೆ. ಒಂಬತ್ತು ಮತ್ತು ಹತ್ತು, ಅಂದರೆ ಹೈಸ್ಕೂಲಿನ ಕೊನೆಯ ಎರಡು ತರಗತಿ, ಆ ಕಾಯ್ದೆಯ ಹೊರಗೇ ಉಳಿದವು.