ನೆಲವೂ ಅದರೊಡಲೂ: ನಾಗಾಲ್ಯಾಂಡ್ ರಾಜ್ಯವಾದ ಬಗೆ

1963ರ ಡಿಸೆಂಬರ್ 1ರಂದು ನಾಗಾಲ್ಯಾಂಡ್ ಭಾರತದ 16ನೆಯ ರಾಜ್ಯವಾಯಿತು. ದೆಹಲಿಯ ಕಡೆಯಿಂದ ನೋಡಿದವರು ಅದನ್ನು ಬಂಡಾಯ ತಣಿಸಲು ಕೊಟ್ಟ ಕೊಡುಗೆ ಎಂದರು. ಸ್ವಾತಂತ್ರ್ಯಕ್ಕಾಗಿ ಬಂದೂಕು ಹಿಡಿದವರು ತಮ್ಮವರೇ ಬಗೆದ ದ್ರೋಹ ಎಂದರು. 1929ರ ಮನವಿ, 1947ರ ಒಪ್ಪಂದ, 1960ರ ಹದಿನಾರು ಅಂಶಗಳು ಮತ್ತು ಸಂವಿಧಾನದ 371(ಎ) ವಿಧಿಯನ್ನು ಅಕ್ಕಪಕ್ಕ ಇಟ್ಟು ಓದಿದರೆ ಈ ಎರಡು ಮಾತೂ ಸಾಲವು ಎನಿಸುತ್ತದೆ. ರಾಜ್ಯದ ಸ್ಥಾನಮಾನ ಸ್ವಾತಂತ್ರ್ಯದ ಬೇಡಿಕೆಯನ್ನು ಈಡೇರಿಸಲಿಲ್ಲ, ನಿಜ. ಆದರೆ ಆ ಬೇಡಿಕೆ ಹುಟ್ಟಿದ್ದು ಯಾವ ಆತಂಕದಿಂದಲೋ ಅದಕ್ಕೆ ಸಂವಿಧಾನದೊಳಗೆ ಒಂದು ಉತ್ತರ ಸಿಕ್ಕಿತು ಎಂಬುದು ನನ್ನ ವಾದ.

ಆ ಆತಂಕ ಮೊದಲು ಬರಹಕ್ಕಿಳಿದದ್ದು 1929ರ ಜನವರಿಯಲ್ಲಿ, ಕೊಹಿಮಾಕ್ಕೆ ಬಂದ ಸೈಮನ್ ಆಯೋಗಕ್ಕೆ ಕೊಟ್ಟ ಮನವಿಯಲ್ಲಿ. 1918ರಲ್ಲಿ ಹುಟ್ಟಿದ ನಾಗಾ ಕ್ಲಬ್ಬಿನ ಹೆಸರಿನಲ್ಲಿ 20 ಮಂದಿ ಅದಕ್ಕೆ ಸಹಿ ಹಾಕಿದ್ದರು. ಅದರ ತರ್ಕ ರೈತನೊಬ್ಬನ ಲೆಕ್ಕಾಚಾರದಂತಿದೆ: ನಾವು ಸಂಖ್ಯೆಯಲ್ಲಿ ಕಡಿಮೆ, ಶಾಸನಸಭೆಯಲ್ಲಿ ನಮ್ಮ ದನಿ ನಡೆಯದು, ಹೊಸ ತೆರಿಗೆಗಳು ಬರುತ್ತವೆ, ಕಟ್ಟಲಾಗದೆ ಜಮೀನು ಮಾರಬೇಕಾಗುತ್ತದೆ, ಕೊನೆಗೆ ಹುಟ್ಟಿದ ನೆಲದಲ್ಲೇ ನಮಗೆ ಪಾಲಿರುವುದಿಲ್ಲ. ಬ್ರಿಟಿಷರು ಹೋಗುವುದಾದರೆ ನಮ್ಮನ್ನು ಹಿಂದಿನಂತೆ ನಮ್ಮ ಪಾಡಿಗೆ ಬಿಡಿ ಎಂಬ ಕೋರಿಕೆ ಈ ಲೆಕ್ಕದ ಕೊನೆಯಲ್ಲಿ ಬರುತ್ತದೆ. ಪ್ರತ್ಯೇಕತೆಯ ಬೀಜ ಬಿತ್ತಿದವರು ಬ್ರಿಟಿಷರೇ ಎಂಬ ಆಕ್ಷೇಪವುಂಟು. ಹೊರಗಿನವರ ಪ್ರವೇಶವನ್ನು ನಿರ್ಬಂಧಿಸಿದ 1873ರ ಇನ್ನರ್ ಲೈನ್ ನಿಯಮವೂ 1935ರ ಕಾಯ್ದೆಯಡಿ ಬಂದ ‘ಹೊರಗಿಟ್ಟ ಪ್ರದೇಶ’ವೆಂಬ ವಿಂಗಡಣೆಯೂ ಬೇಲಿ ಹಾಕಿದ್ದು ಸುಳ್ಳಲ್ಲ. ಆದರೆ ಗುಡ್ಡಗಾಡುಗಳನ್ನೆಲ್ಲ ಸೇರಿಸಿ ಬ್ರಿಟಿಷ್ ಆಳ್ವಿಕೆಯ ವಸಾಹತು ಮಾಡುವ ಯೋಜನೆ ಬಂದಾಗ 1946ರಲ್ಲಿ ರೂಪುಗೊಂಡಿದ್ದ ನಾಗಾ ರಾಷ್ಟ್ರೀಯ ಪರಿಷತ್ತು ಅದನ್ನು ಒಪ್ಪಲಿಲ್ಲ. ಬ್ರಿಟಿಷರ ಕೈಗೊಂಬೆ ಹಾಗೆ ಮಾಡುತ್ತಿರಲಿಲ್ಲ.

1947ರ ಜೂನ್‌ನಲ್ಲಿ ಅಸ್ಸಾಮಿನ ರಾಜ್ಯಪಾಲ ಅಕ್ಬರ್ ಹೈದರಿ ಮತ್ತು ಪರಿಷತ್ತಿನ ನಡುವೆ ಆದ ಒಂಬತ್ತು ಅಂಶಗಳ ಒಪ್ಪಂದವನ್ನು ನಿಧಾನವಾಗಿ ಓದಬೇಕು. ಭೂಮಿಯನ್ನು ಅದರ ಎಲ್ಲ ಸಂಪನ್ಮೂಲಗಳ ಸಮೇತ ಪರಿಷತ್ತಿನ ಒಪ್ಪಿಗೆಯಿಲ್ಲದೆ ನಾಗೇತರರಿಗೆ ಪರಭಾರೆ ಮಾಡಕೂಡದು ಎಂದು ಅದು ಹೇಳುತ್ತದೆ. 1929ರ ಭಯವೇ ಇಲ್ಲಿ ಕಲಮಿನ ರೂಪ ತಾಳಿದೆ. ಒಂಬತ್ತನೆಯ ಅಂಶದ ಪ್ರಕಾರ ಹತ್ತು ವರ್ಷಗಳ ನಂತರ ಈ ಒಪ್ಪಂದವನ್ನೇ ಮುಂದುವರಿಸಬೇಕೋ, ನಾಗಾ ಜನರ ಭವಿಷ್ಯದ ಬಗ್ಗೆ ಹೊಸ ಒಪ್ಪಂದ ಆಗಬೇಕೋ ಎಂದು ಪರಿಷತ್ತನ್ನು ಕೇಳಬೇಕು. ‘ಹೊಸ ಒಪ್ಪಂದ’ ಎಂಬಲ್ಲಿ ಪರಿಷತ್ತು ಬಿಟ್ಟುಹೋಗುವ ಹಕ್ಕನ್ನು ಕಂಡಿತು. ಸರ್ಕಾರ ಭಾರತದೊಳಗಿನ ಮರುಹೊಂದಾಣಿಕೆಯನ್ನಷ್ಟೇ ಕಂಡಿತು. ಆಮೇಲಿನ ರಕ್ತಪಾತದ ದಾರಿ ಈ ಎರಡು ಓದುಗಳ ನಡುವಿನ ಬಿರುಕಿನಿಂದಲೇ ಹೊರಟಿತು. ಅದೇ ವರ್ಷದ ಆಗಸ್ಟ್ 14ರಂದು ನಾಗಾ ಸ್ವಾತಂತ್ರ್ಯದ ಘೋಷಣೆ, 1951ರಲ್ಲಿ ಪರಿಷತ್ತಿನ ನಾಯಕ ಎ. ಝಡ್. ಫಿಜೊ ನೇತೃತ್ವದ ಜನಮತಗಣನೆ, 1952ರ ಚುನಾವಣೆಯ ಬಹಿಷ್ಕಾರ, 1956ರಲ್ಲಿ ಭೂಗತ ಸರ್ಕಾರದ ಸ್ಥಾಪನೆ, ಬೆನ್ನಿಗೇ ಸೇನೆಯ ಪ್ರವೇಶ. 1958ರಲ್ಲಿ ಸಶಸ್ತ್ರ ಪಡೆಗಳ ವಿಶೇಷಾಧಿಕಾರ ಕಾಯ್ದೆ ಬಂತು. ಹಳ್ಳಿಗಳನ್ನು ಎಬ್ಬಿಸಿ ಒಂದೆಡೆ ಕೂಡಿಹಾಕಿದ ಆ ವರ್ಷಗಳ ಸಂಕಟವನ್ನು ಮರೆತು ಈ ಇತಿಹಾಸ ಬರೆಯುವುದು ಅನ್ಯಾಯ.

1957ರಲ್ಲಿ ಸೇರಿದ ನಾಗಾ ಜನರ ಸಮಾವೇಶ ಮಾತುಕತೆಯ ದಾರಿ ಹಿಡಿದು, 1960ರ ಜುಲೈನಲ್ಲಿ ಕೇಂದ್ರದೊಡನೆ ಹದಿನಾರು ಅಂಶಗಳಿಗೆ ಬಂದು ನಿಂತಿತು. ಇಲ್ಲಿಯೇ ಅತ್ಯಂತ ಗಟ್ಟಿಯಾದ ಆಕ್ಷೇಪ ಎದುರಾಗುತ್ತದೆ: ಹೋರಾಡುತ್ತಿದ್ದವರನ್ನು ಬಿಟ್ಟು ಹೋರಾಡದವರೊಡನೆ ಮಾಡಿಕೊಂಡ ಒಪ್ಪಂದಕ್ಕೆ ಏನು ಬೆಲೆ? ಸಮಾವೇಶದ ಅಧ್ಯಕ್ಷ ಇಮ್‌ಕೊಂಗ್ಲಿಬಾ ಆವೊ 1961ರಲ್ಲಿ ಹತ್ಯೆಯಾದರು. ಆ ಆಕ್ಷೇಪ ಎಷ್ಟು ತೀವ್ರವಾಗಿತ್ತೆಂಬುದಕ್ಕೆ ಇದೇ ಸಾಕ್ಷಿ. ಪ್ರಾತಿನಿಧ್ಯದ ಈ ಕೊರತೆಯನ್ನು ನಾನು ಅಲ್ಲಗಳೆಯಲಾರೆ. ಆದರೆ ಸಹಿ ಹಾಕಿದವರು ಯಾರು ಎಂಬುದು ಒಂದು ಪ್ರಶ್ನೆ, ಅವರು ತಂದದ್ದೇನು ಎಂಬುದು ಇನ್ನೊಂದು. 1962ರ 13ನೆಯ ತಿದ್ದುಪಡಿಯಿಂದ ಬಂದ 371(ಎ) ನಾಗಾ ಧಾರ್ಮಿಕ-ಸಾಮಾಜಿಕ ಆಚರಣೆಗಳು, ರೂಢಿಗತ ಕಾನೂನು, ಅದರಂತೆ ನಡೆಯುವ ನ್ಯಾಯದಾನ, ‘ಭೂಮಿ ಮತ್ತು ಅದರ ಸಂಪನ್ಮೂಲ’ಗಳ ಒಡೆತನ-ವರ್ಗಾವಣೆ ಈ ನಾಲ್ಕರಲ್ಲಿ ಸಂಸತ್ತಿನ ಕಾಯ್ದೆ ವಿಧಾನಸಭೆಯ ನಿರ್ಣಯವಿಲ್ಲದೆ ಅನ್ವಯಿಸದು ಎನ್ನುತ್ತದೆ. ಹೈದರಿ ಒಪ್ಪಂದದ ಭೂಮಿಯ ಮಾತು ಹದಿನೈದು ವರ್ಷ ದಾಟಿ ಬಂದು ಸಂವಿಧಾನ ಸೇರಿದೆ. ಕಲ್ಯಾಣ ಕರ್ನಾಟಕಕ್ಕೆ 2012ರ ತಿದ್ದುಪಡಿ ತಂದ 371(ಜೆ) ಇದೇ ಸಾಲಿನದು. ಆದರೆ ಅದು ಅಭಿವೃದ್ಧಿ, ಶಿಕ್ಷಣ ಮತ್ತು ಉದ್ಯೋಗದಲ್ಲಿ ಪಾಲು ಕೇಳುತ್ತದೆ. 371(ಎ) ಸಂಸತ್ತಿಗೇ ಹೊಸ್ತಿಲಲ್ಲಿ ನಿಲ್ಲು ಎನ್ನುತ್ತದೆ.

ಈ ರಕ್ಷಣೆ ಎಲ್ಲರಿಗೂ ಸಮನಾಗಿ ದಕ್ಕಲಿಲ್ಲ. ಮಣಿಪುರದ ನಾಗಾಗಳು ಅದರ ಹೊರಗೇ ಉಳಿದರು. ಪಟ್ಟಣಸಭೆಗಳಲ್ಲಿ ಮಹಿಳೆಯರಿಗೆ 33% ಮೀಸಲಾತಿ ಕೊಡಹೊರಟಾಗ 2017ರಲ್ಲಿ ಇದೇ ವಿಧಿಯನ್ನು ಅಡ್ಡ ಹಿಡಿಯಲಾಯಿತು. ಆ ಮೀಸಲಾತಿಯೊಂದಿಗೆ ಚುನಾವಣೆ ನಡೆಯಲು 2024ರ ಜೂನ್ ಬರಬೇಕಾಯಿತು. ನೆಲ ಕಾಯಲೆಂದು ಪಡೆದ ಹಕ್ಕನ್ನು ಹೆಣ್ಣುಮಕ್ಕಳ ವಿರುದ್ಧ ತಿರುಗಿಸಿದ್ದು ನನಗೆ ಸರಿಯೆನಿಸುವುದಿಲ್ಲ. ಇನ್ನು ‘ಅದರ ಸಂಪನ್ಮೂಲ’ ಎಂಬ ಮಾತಿನ ಅರ್ಥವೇ ಇತ್ಯರ್ಥವಾಗಿಲ್ಲ. ನೆಲದಡಿಯ ತೈಲವೂ ಅದರಲ್ಲಿ ಸೇರಿದೆ ಎಂದು ನಾಗಾಲ್ಯಾಂಡ್ ವಿಧಾನಸಭೆ 2010ರಲ್ಲಿ ನಿರ್ಣಯ ಮಾಡಿತು, 2012ರಲ್ಲಿ ತನ್ನದೇ ಪೆಟ್ರೋಲಿಯಂ ನಿಯಮಾವಳಿ ತಂದಿತು. ತೈಲದ ಬಗ್ಗೆ ಶಾಸನ ಮಾಡುವ ಅಧಿಕಾರವನ್ನು 371(ಎ) ರಾಜ್ಯಕ್ಕೆ ಕೊಟ್ಟಿಲ್ಲ ಎಂದು ಕೇಂದ್ರ ಹೇಳಿತು. 1947ರ ಒಂಬತ್ತನೆಯ ಅಂಶದಂತೆಯೇ, ಇಲ್ಲಿಯೂ ಒಂದೇ ಮಾತನ್ನು ಕೊಹಿಮಾ ಒಂದು ಬಗೆಯಲ್ಲಿ ಓದುತ್ತಿದೆ, ದೆಹಲಿ ಇನ್ನೊಂದು ಬಗೆಯಲ್ಲಿ.