ಕಾಗಾಲಕ್ಕೆ ಬಂದವರು ನೋಡಬೇಕಾದ ಜಾಗಗಳು: ನಮ್ಮದೂ ಒಂದು ಪಟ್ಟಿ ಇರಲಿ

ಸ್ವಲ್ಪ ಉದ್ದ ಆಗಿದೆ, ಸಮಯ ಮಾಡ್ಕೊಂಡು ಓದಿ.

ಬೆಂಗಳೂರಿನ ಸಂಗಾತಿಯೊಬ್ಬರು ಹೆಂಡತಿ ಮಕ್ಕಳ ಜೊತೆ ನಮ್ಮ ಕುಮಟಾ ಕಡೆ ಬಂದಿದ್ದರು. ಕಾಗಾಲದ ಹತ್ತಿರ ಹಳೇ ಕಾಲದ ದೊಡ್ಡ ಮನೆಯೊಂದನ್ನು ರಿಪೇರಿ ಮಾಡಿ ಹೋಮ್‌ಸ್ಟೇ ಮಾಡಿದ್ದಾರೆ, ಅಲ್ಲಿ ಉಳಿದರು. ಕೋಣೆಯಲ್ಲಿ ಒಂದು ಕಾರ್ಡು ಇತ್ತಂತೆ. ಫೋಟೋ ತೆಗೆದು ವಾಟ್ಸಾಪ್ ಮಾಡಿ, "ಅಣ್ಣ, ಇದರಲ್ಲಿ ಯಾವುದು ನೋಡ್ಬೇಕು?" ಅಂತ ಕೇಳಿದರು. ಮಿರ್ಜಾನ್ ಕೋಟೆ, ಗೋಕರ್ಣ, ಯಾಣ, ಗೇರುಸೊಪ್ಪೆಯ ಚತುರ್ಮುಖ ಬಸದಿ, ಭಟ್ಕಳದ ಹಳೇ ದೇವಸ್ಥಾನಗಳು. ಪಟ್ಟಿ ತಪ್ಪಲ್ಲ. ಆದರೆ ಪೂರ್ತಿಯೂ ಅಲ್ಲ. ಭಾನುವಾರ ಆಫೀಸಿಗೆ ರಜೆ, "ನಾನೇ ಕರ್ಕೊಂಡು ಹೋಗ್ತೆ ಬನ್ನಿ" ಅಂದೆ.

ಮೊದಲು ಮಿರ್ಜಾನ್. ಅಘನಾಶಿನಿಯ ದಂಡೆ ಹತ್ತಿರ ಎರಡು ಸುತ್ತಿನ ಗೋಡೆ, ಬುರುಜು, ಬಾವಿಗಳು. ಮಳೆಗಾಲದಲ್ಲಿ ಗೋಡೆ ತುಂಬಾ ಹಸಿರು ಪಾಚಿ, ಎಲ್ಲರ ಮೊಬೈಲಲ್ಲೂ ಅದೇ ಫೋಟೋ. 16ನೇ ಶತಮಾನದ ಗೇರುಸೊಪ್ಪೆಯ ರಾಣಿ ಚೆನ್ನಭೈರಾದೇವಿಯ ಹೆಸರು ಈ ಕೋಟೆಗೆ ಅಂಟಿಕೊಂಡಿದೆ. ಪೋರ್ಚುಗೀಸರು ಆಕೆಯನ್ನು ಕಾಳುಮೆಣಸಿನ ರಾಣಿ ಅಂತ ಕರೆದರು. ಆ ಕಾಲಕ್ಕೆ ಒಬ್ಬ ಹೆಣ್ಣುಮಗಳು ಕರಾವಳಿ ಆಳಿದ್ದು ಸಣ್ಣ ಮಾತಲ್ಲ, ನನಗೂ ಹೆಮ್ಮೆ ಇದೆ. ಆದರೆ ಸಂಗಾತಿಯ ಮಗಳು ಗೋಡೆ ಮುಟ್ಟಿ ಕೇಳಿದಳು: "ಅಂಕಲ್, ಈ ಕಲ್ಲೆಲ್ಲಾ ಯಾರು ತಂದ್ರು?"

ಅದು ಚಿರೆಕಲ್ಲು ಪುಟ್ಟಿ. ಅದನ್ನು ಕಡಿಯೋದು, ಹೊರೋದು ಎಷ್ಟು ಕಷ್ಟ ಅಂತ ಇವತ್ತಿಗೂ ಕ್ವಾರಿಗೆ ಹೋಗಿ ನೋಡಿದರೆ ಗೊತ್ತಾಗ್ತದೆ. ಕಡಿದವರ ಹೆಸರು ಯಾವ ಬೋರ್ಡಿನಲ್ಲೂ ಇಲ್ಲ.

1801ರಲ್ಲಿ ಫ್ರಾನ್ಸಿಸ್ ಬುಕಾನನ್ ಅನ್ನೋ ಕಂಪನಿ ಸರ್ಕಾರದ ವೈದ್ಯ ಕುಮಟಾ, ಮಿರ್ಜಾನ್, ಗೋಕರ್ಣದ ದಾರಿಯಲ್ಲೇ ಹೋದ. 1807ರಲ್ಲಿ ಅವನ ಪ್ರವಾಸದ ಪುಸ್ತಕ ಬಂತು. ಕರಾವಳಿಯ ಹೊಲಗಳಲ್ಲಿ ಕೊಂಡು ಮಾರುವ ಆಳುಗಳಿದ್ದರು, ಅವರಿಗೆ ಎಷ್ಟು ಅಕ್ಕಿ ಅಳೆದು ಕೊಡ್ತಿದ್ದರು ಅನ್ನೋದೂ ಅದರಲ್ಲಿದೆ. ಮನುಷ್ಯರನ್ನು ಹೀಗೆ ಆಸ್ತಿಯಾಗಿ ಇಟ್ಟುಕೊಳ್ಳೋದನ್ನು ಕಾನೂನು ಮಾನ್ಯ ಮಾಡುವುದು ನಿಂತದ್ದು 1843ರಲ್ಲಿ. ಕಾನೂನು ನಿಂತ ದಿನವೇ ಜೀತ ನಿಲ್ಲಲಿಲ್ಲ ಅನ್ನೋದು ನಮಗೆ ಯಾರೂ ಹೇಳಿಕೊಡಬೇಕಾಗಿಲ್ಲ.

ಎರಡನೇದು ಕುಮಟಾ ಪೇಟೆ. ಈಗ ಯಾರೂ ಇದನ್ನು ಪ್ರವಾಸಿ ತಾಣ ಅನ್ನೋದಿಲ್ಲ. ಆದರೆ 19ನೇ ಶತಮಾನದಲ್ಲಿ ಧಾರವಾಡ ಸೀಮೆಯ ಹತ್ತಿ ಘಟ್ಟ ಇಳಿದು ಇಲ್ಲಿಂದಲೇ ಹಡಗು ಹತ್ತುತ್ತಿತ್ತು. ನಮ್ಮೂರಲ್ಲಿ ಹತ್ತಿ ಬೆಳೆಯದಿದ್ದರೂ ಆ ಹತ್ತಿಗೆ 'ಕುಮಟಾ' ಅಂತಲೇ ಹೆಸರು ಬಿತ್ತು. 1861ರಿಂದ 65ರವರೆಗೆ ಅಮೆರಿಕದಲ್ಲಿ ಯುದ್ಧ ನಡೆದು ಅಲ್ಲಿಯ ಹತ್ತಿ ನಿಂತಾಗ ಇಲ್ಲಿಯ ಹತ್ತಿಗೆ ಬೆಲೆ ಏರಿತು. ಅಲ್ಲಿ ಗುಲಾಮಗಿರಿ ಪ್ರಶ್ನೆಗೆ ಯುದ್ಧ, ಇಲ್ಲಿ ಮೂಟೆ ಹೊರುವವನ ಬೆನ್ನಿಗೆ ಇನ್ನಷ್ಟು ಮೂಟೆ.

ಮೂರನೇದು ಹೊಳೆಯ ಆಚೆ ದಂಡೆ, ಗೋಕರ್ಣದ ಹತ್ತಿರ ಸಾಣಿಕಟ್ಟಾದ ಉಪ್ಪಿನ ಆಗರ. ಗೋಕರ್ಣಕ್ಕೆ ಹೋಗುವ ಕಾರುಗಳು ಇದರ ಪಕ್ಕದಲ್ಲೇ ಹಾದು ಹೋಗ್ತವೆ. ಆಗರ ಅನ್ನೋ ಪದದಿಂದಲೇ ಆಗೇರ ಅನ್ನೋ ಹೆಸರು ಬಂತು ಅಂತ ಹಿರಿಯರು ಹೇಳ್ತಾರೆ. ಆ ಸಮುದಾಯ ಇವತ್ತು ಪರಿಶಿಷ್ಟ ಜಾತಿ ಪಟ್ಟಿಯಲ್ಲಿದೆ. 1930ರಲ್ಲಿ ಪಕ್ಕದ ಅಂಕೋಲಾದಲ್ಲಿ ಉಪ್ಪಿನ ಸತ್ಯಾಗ್ರಹ ನಡೀತು, ಅದನ್ನು ನಾವು ಶಾಲೆಯಲ್ಲಿ ಓದಿದ್ದೇವೆ. ಒಂದು ದಿನ ಉಪ್ಪು ಎತ್ತಿದವರು ಪುಸ್ತಕದಲ್ಲಿದ್ದಾರೆ. ತಲೆತಲಾಂತರ ಉಪ್ಪು ಎತ್ತಿದವರು ಇಲ್ಲ. ಅವರನ್ನು ತೆಗೀರಿ ಅಂತ ನಾನು ಹೇಳ್ತಿಲ್ಲ, ಇವರನ್ನೂ ಸೇರಿಸಿ ಅಂತಿದ್ದೇನೆ.

ನಾಲ್ಕನೇದು ಗಜನಿ ಕಟ್ಟೆ. ನನ್ನ ಪ್ರಕಾರ ಈ ಸೀಮೆಯ ದೊಡ್ಡ ಸ್ಮಾರಕ ಇದೇ. ಕಾಗಾಲ, ಮಾಣಿಕಟ್ಟಾ ಕಡೆ ಅಘನಾಶಿನಿ ಅಳಿವೆಯ ಉಪ್ಪುನೀರನ್ನು ಮಣ್ಣು ಕಲ್ಲಿನ ಕಟ್ಟೆ ಹಾಕಿ ತಡೆದು, ಮಳೆನೀರಲ್ಲಿ ಕಗ್ಗ ಭತ್ತ ಬೆಳೀತಾರೆ. ಉಪ್ಪನ್ನೂ ನೆರೆಯನ್ನೂ ತಡೆಯುವ ತಳಿ. ಗೊಬ್ಬರ ಬೇಡ, ಔಷಧಿ ಬೇಡ. ಸರ್ಕಾರದ ಖಾರ್‌ಲ್ಯಾಂಡ್ ಒಡ್ಡು ಬರುವ ಮೊದಲು ವರ್ಷ ವರ್ಷ ಕಟ್ಟೆಗೆ ಕೆಸರು ಮೆತ್ತುತ್ತಿದ್ದದ್ದು ಕೂಲಿಯವರು. ನಮ್ಮ ಮುಕ್ರಿ ಕೇರಿಯಿಂದಲೂ ಹೋಗ್ತಿದ್ದರು, ನನ್ನ ಅಜ್ಜಿಯೂ ಹೋಗಿದ್ದಳು. "ಸೊಂಟದ ಮಟ ಕೆಸರು, ಬಗಲಲ್ಲಿ ಮಗು ಕಟ್ಕಂಡು" ಅಂತಿದ್ದಳು. ಆ ಮಗು ನನ್ನ ಅಪ್ಪ.

ಕಟ್ಟೆ ನಮ್ಮದು, ಭೂಮಿ ನಮ್ಮದಲ್ಲ. 1974ರಲ್ಲಿ ಉಳುವವನೇ ಒಡೆಯ ಕಾನೂನು ಬಂತು. ಗೇಣಿ ಮಾಡ್ತಿದ್ದವರು ಫಾರಂ ನಂ. 7 ತುಂಬಿದರು, ಭೂಮಿ ಪಡೆದರು, ಒಳ್ಳೇದೇ ಆಯ್ತು. ಆದರೆ ಕೂಲಿಯವರಿಗೆ ತುಂಬಲಿಕ್ಕೆ ಫಾರಂ ಇರಲಿಲ್ಲ. ಅಜ್ಜಿ ಕಾನೂನಿನ ಲೆಕ್ಕದಲ್ಲಿ ಗೇಣಿದಾರಳೂ ಅಲ್ಲ, ಉಳುವವಳೂ ಅಲ್ಲ. 2024ರಲ್ಲಿ ಅಘನಾಶಿನಿ ಅಳಿವೆ ರಾಮ್ಸಾರ್ ಪಟ್ಟಿಗೆ ಸೇರಿದಾಗ ಎಲ್ಲರೂ ಸಂಭ್ರಮಿಸಿದರು. ನಾನೂ ಪೋಸ್ಟ್ ಹಾಕಿದ್ದೆ. ಹಕ್ಕಿಗಳ ಲೆಕ್ಕ ಸಿಗ್ತದೆ, ಕಟ್ಟೆ ಕಟ್ಟಿದವರ ಲೆಕ್ಕ ಸಿಗೋದಿಲ್ಲ.

ಐದನೇದು ಬಾವಿ. ಯಾವ ಊರಿನದ್ದಾದರೂ ಆದೀತು, ಸಾರ್ವಜನಿಕ ಬಾವಿ. ನಮ್ಮ ಜಿಲ್ಲೆ 1862ರಲ್ಲಿ ಮುಂಬೈ ಪ್ರಾಂತಕ್ಕೆ ಸೇರಿ 1956ರವರೆಗೆ ಅಲ್ಲೇ ಇತ್ತು. ಅಂದರೆ 1923ರ ಬೋಲೆ ಠರಾವು ನಮಗೂ ಅನ್ವಯ. ಸರ್ಕಾರಿ ದುಡ್ಡಿನ ಬಾವಿ, ಧರ್ಮಶಾಲೆ, ಶಾಲೆ ಎಲ್ಲವನ್ನೂ ಅಸ್ಪೃಶ್ಯರು ಬಳಸಬಹುದು ಅಂತ ಹೇಳಿದ ಠರಾವು ಅದು. ಅದನ್ನು ಕಾಗದದಿಂದ ನೀರಿಗೆ ಇಳಿಸಲಿಕ್ಕೆ ಬಾಬಾಸಾಹೇಬರು 1927ರಲ್ಲಿ ಮಹಾಡದ ಚವದಾರ್ ಕೆರೆಗೆ ನಡೆದರು. 1947ರ ಮುಂಬೈ ಪ್ರಾಂತದ ದೇವಸ್ಥಾನ ಪ್ರವೇಶ ಕಾನೂನೂ ನಮಗೆ ಅನ್ವಯ. ಮಹಾಡ್ ದೂರದ ಮಹಾರಾಷ್ಟ್ರದ ಕತೆ ಅಂತ ನಮ್ಮ ಹುಡುಗರು ತಿಳ್ಕೊಂಡಿದ್ದಾರೆ. ಅಲ್ಲ ಮಾರಾಯ್ರೇ, ಅದು ನಮ್ಮದೇ ಪ್ರಾಂತದ ಹೋರಾಟ.

ಆರನೇದು ಆ ಮನೆಯೇ. ಸಂಜೆ ಬಿಡಲಿಕ್ಕೆ ಹೋದಾಗ ಸಂಗಾತಿ "ಒಳಗೆ ಬನ್ನಿ ಅಣ್ಣ, ಚಾ ಕುಡಿಯುವ" ಅಂದರು. ಮರದ ಕಂಬ, ದೊಡ್ಡ ಜಗಲಿ, ಅಂಗಳದಲ್ಲಿ ತುಳಸಿಕಟ್ಟೆ. ಬೇರೆ ಊರಿನ ಇಂಥದ್ದೇ ಮನೆಯೊಂದಕ್ಕೆ ಅಜ್ಜಿ ಕೆಲಸಕ್ಕೆ ಹೋಗ್ತಿದ್ದಳು. ಅಂಗಳದ ಆಚೆ ನಿಂತು ಕೂಗಬೇಕು, ಗಂಜಿ ಮೇಲಿನಿಂದ ಹೊಯ್ಯುತ್ತಿದ್ದರು. ನಾನು ಜಗಲಿ ಮೆಟ್ಟಿಲ ಹತ್ತಿರ ಒಂದು ಕ್ಷಣ ನಿಂತೆ. ಈ ಮನೆಯವರು ನನಗೆ ಏನೂ ಮಾಡಿಲ್ಲ, ಮರ್ಯಾದೆಯಿಂದಲೇ ಮಾತಾಡಿಸಿದರು. ಆದರೂ ಕಾಲು ನಿಂತಿತು. ಇಪ್ಪತ್ತು ವರ್ಷ ಸಂಘಟನೆ ಮಾಡಿದವನ ಕಾಲು. ಆಮೇಲೆ ಹತ್ತಿದೆ, ಕುರ್ಚಿ ಮೇಲೆ ಕೂತೆ, ಚಾ ಕುಡಿದೆ.

ನನ್ನ ಬೇಸರ ಬೇರೆ. ಅಜ್ಜಿ ಬದುಕಿದ್ದಾಗ ನಾನು ಮಿರ್ಜಾನದ ರಾಣಿ ಬಗ್ಗೆ ಭಾಷಣ ಸ್ಪರ್ಧೆಗೆ ಬಾಯಿಪಾಠ ಮಾಡಿದೆ. ಅಜ್ಜಿ ಯಾವ ಕಟ್ಟೆಗೆ ಮಣ್ಣು ಹೊತ್ತಳು, ಜೊತೆಗೆ ಯಾರ್ಯಾರು ಇದ್ದರು, ದಿನಕ್ಕೆ ಎಷ್ಟು ಭತ್ತ ಸಿಕ್ಕಿತು ಅಂತ ಕೇಳಲೇ ಇಲ್ಲ. ಈಗ ಕೇಳಲಿಕ್ಕೆ ಅವಳಿಲ್ಲ.

ಅದಕ್ಕೇ ಒಂದು ವಿನಂತಿ. ನಿಮ್ಮ ಕೇರಿಯಲ್ಲಿ ಎಂಬತ್ತು ದಾಟಿದವರು ಇದ್ದರೆ ಈ ವಾರವೇ ಹೋಗಿ ಕೂತ್ಕೊಳ್ಳಿ, ಮೊಬೈಲಲ್ಲಿ ರೆಕಾರ್ಡ್ ಮಾಡಿ. ಯಾವ ಕಟ್ಟೆ, ಯಾವ ಬಾವಿ, ಯಾವ ಅಂಗಳ, ಹೆಸರು ಸಮೇತ ಬರೀರಿ. ಆ ಪಟ್ಟಿಯನ್ನು ಹೋಮ್‌ಸ್ಟೇಯವರಿಗೂ ಕೊಡುವ. ಹಾಕ್ತಾರೋ ಬಿಡ್ತಾರೋ, ನಮ್ಮ ಮಕ್ಕಳ ಕೈಯಲ್ಲಂತೂ ಇರಲಿ.

ಜೈ ಭೀಮ್.