ಪುಟಕ್ಕೆ ಎಷ್ಟು, ಸಾರ್?

ಅಬುಧಾಬಿಯ ಖಾಲಿದಿಯಾದಲ್ಲಿ ಟೈಪಿಂಗ್ ಸೆಂಟರನ್ನು ಹುಡುಕಿಕೊಂಡು ಅಲೆಯಬೇಕಾಗಿಲ್ಲ. ಕೆಫೆಟೇರಿಯಾ, ಲಾಂಡ್ರಿಗಳ ಸಾಲಿನಲ್ಲಿ ಅದೂ ಒಂದು ಅಂಗಡಿ. ನಮ್ಮೂರ ಸಬ್‌ರಿಜಿಸ್ಟ್ರಾರ್ ಕಚೇರಿ ಎದುರು ಕೂರುವ ಪತ್ರ ಬರಹಗಾರರ ಕೊಲ್ಲಿ ಅವತಾರ ಎನ್ನಬಹುದು. ಈ ಸೆಂಟರುಗಳ ಲೆಕ್ಕವೆಲ್ಲ ಅರ್ಜಿಗಿಷ್ಟು, ಪುಟಕ್ಕಿಷ್ಟು ಎಂದು. ಕಂಪನಿಗಳಿಗೆ ಯಂತ್ರದ ಕೈಪಿಡಿ, ಸುರಕ್ಷತಾ ವಿಧಾನ ಬರೆದುಕೊಡುವ ಫ್ರೀಲಾನ್ಸ್ ಬರಹಗಾರನಿಗೂ ಗಿರಾಕಿಯ ಮೊದಲ ಪ್ರಶ್ನೆ ಅದೇ: ಪುಟಕ್ಕೆ ಎಷ್ಟು? ಒಳ್ಳೆಯ ಕೈಪಿಡಿ ತಿದ್ದಿದಷ್ಟೂ ಸಣ್ಣದಾಗುತ್ತದೆ. ಹೀಗಾಗಿ ಕಸುಬು ಚೆನ್ನಾಗಿ ಬಲ್ಲವನಿಗೇ ನಷ್ಟ!

ಕೈಪಿಡಿ ಬರೆಯುವ ಈ ಕಸುಬು ಅಬುಧಾಬಿಗೆ ಬಂದದ್ದು ತೈಲದ ಜೊತೆ. ಉಮ್ ಶೈಫ್‌ನಲ್ಲಿ 1958ರಲ್ಲಿ ಸಮುದ್ರದಡಿ ತೈಲ ಸಿಕ್ಕಿತು. 1962ರಲ್ಲಿ ದಾಸ್ ದ್ವೀಪದಿಂದ ಮೊದಲ ತೈಲ ಹಡಗು ಹೊರಟಿತು. ಅಬುಧಾಬಿಯ ಸರ್ಕಾರಿ ತೈಲ ಕಂಪನಿ ಅಡ್ನಾಕ್ ಹುಟ್ಟಿದ್ದು 1971ರಲ್ಲಿ. ಕರಾವಳಿಯಿಂದ ಮುಂಬೈಗೆ, ಮುಂಬೈಯಿಂದ ಕೊಲ್ಲಿಗೆ ಹೋದ ನಮ್ಮವರಲ್ಲಿ ಟೈಪಿಂಗ್, ಶಾರ್ಟ್‌ಹ್ಯಾಂಡ್ ಕಲಿತವರಿದ್ದರು. ಅಂಥವರಿಗೆ ದೊರೆತ ಹುದ್ದೆಗಳಲ್ಲಿ ಡಾಕ್ಯುಮೆಂಟ್ ಕಂಟ್ರೋಲರ್ ಒಂದು. ಯಾವ ಡ್ರಾಯಿಂಗ್ ಎಷ್ಟನೇ ರಿವಿಷನ್, ಕನ್ಸಲ್ಟೆಂಟ್ ಯಾವುದನ್ನು ಒಪ್ಪಿದ, ಯಾವುದನ್ನು ತಿರುಗಿಸಿ ಕಳಿಸಿದ ಎಂಬ ಲೆಕ್ಕ ಇಡುವುದು ಅವರ ಕೆಲಸ. ಎಂಜಿನಿಯರು ಗೀಚಿದ್ದನ್ನು ಓದಲು ಬರುವಂತೆ ಮಾಡುತ್ತಿದ್ದವರೂ ಎಷ್ಟೋ ಕಡೆ ಅವರೇ, ಆದರೆ ಮುಖಪುಟದಲ್ಲಿ ಹೆಸರು ಎಂಜಿನಿಯರದು.

ಕಾಗದಕ್ಕೆ ನಿಜವಾದ ತೂಕ ಬಂದದ್ದು ಬೇರೆಲ್ಲೋ ಆದ ದುರಂತದಿಂದ. 1988ರ ಜುಲೈ 6ರಂದು ಉತ್ತರ ಸಮುದ್ರದ ಪೈಪರ್ ಆಲ್ಫಾ ತೈಲ ವೇದಿಕೆಯಲ್ಲಿ 167 ಮಂದಿ ಸತ್ತರು. ಹಗಲು ಪಾಳಿಯವರು ಒಂದು ಪಂಪಿನ ಸುರಕ್ಷತಾ ವಾಲ್ವ್ ಬಿಚ್ಚಿ ದುರಸ್ತಿಗೆ ಇಟ್ಟಿದ್ದರು. ಆ ಮಾತು ಹೇಳುವ ಪರ್ಮಿಟ್, ಅಂದರೆ ಕೆಲಸದ ಅನುಮತಿ ಪತ್ರ, ರಾತ್ರಿ ಪಾಳಿಯವರ ಕಣ್ಣಿಗೆ ಬೀಳಲಿಲ್ಲ. ಅವರು ಅದೇ ಪಂಪನ್ನು ಚಾಲೂ ಮಾಡಿದರು. ಆಮೇಲೆ ತೈಲ ಲೋಕದಲ್ಲೆಲ್ಲ 'ಪರ್ಮಿಟ್ ಟು ವರ್ಕ್' ಪತ್ರಗಳು ಬಿಗಿಯಾದವು. ಒಂದು ಫಾರ್ಮಿನಲ್ಲಿ ಯಾವ ಸಾಲು ಮೇಲೆ ಬರಬೇಕು, ಯಾವುದಕ್ಕೆ ಇಬ್ಬರ ಸಹಿ ಬೇಕು ಎಂಬುದು ಜೀವದ ಪ್ರಶ್ನೆ ಎಂದು ಗೊತ್ತಾದ ಮೇಲೆಯೇ ಬರೆಯುವವನಿಗೂ ಒಂದು ಬೆಲೆ ಬಂತೆಂದು ನನ್ನ ಎಣಿಕೆ.

ವಿಮಾನದವರು ಇದನ್ನು ತುಸು ಮೊದಲೇ ಅರಿತಿದ್ದರು. ಒಂದು ಪದಕ್ಕೆ ಒಂದೇ ಅರ್ಥ, ವಾಕ್ಯ ಚಿಕ್ಕದು ಎಂಬ ಕಟ್ಟುಪಾಡಿನ ಸರಳ ಇಂಗ್ಲಿಷನ್ನು ಯುರೋಪಿನ ವಿಮಾನ ಉದ್ಯಮ 1986ರಲ್ಲಿ ಪ್ರಕಟಿಸಿತು. ಮರುವರ್ಷ ಅಬುಧಾಬಿಯಲ್ಲಿ ವಿಮಾನ ದುರಸ್ತಿಯ ಗ್ಯಾಮ್ಕೊ ಕಂಪನಿ ಶುರುವಾಯಿತು. ಅತ್ತ 1985ರಲ್ಲಿ ಟೆಕ್ಸಾಸ್ ಇನ್‌ಸ್ಟ್ರುಮೆಂಟ್ಸ್ ಬಂದ ಮೇಲೆ ಬೆಂಗಳೂರಿನಲ್ಲಿ ಸಾಫ್ಟ್‌ವೇರ್ ಬೆಳೆಯಿತು. 'ಟೆಕ್ನಿಕಲ್ ರೈಟರ್' ಎಂಬ ಹೆಸರು ನಮ್ಮಲ್ಲಿ ರೂಢಿಯಾದದ್ದು ಆ ಸಾಫ್ಟ್‌ವೇರ್ ದಾರಿಯಿಂದ.

ಅಬುಧಾಬಿಯಲ್ಲಿ ಗಿರಾಕಿ ತೈಲದವನೇ ಆಗಬೇಕೆಂದಿಲ್ಲ. ಆಸ್ಪತ್ರೆಗೆ ಸೋಂಕು ತಡೆಯ ನಿಯಮಾವಳಿ ಬೇಕು, ಕೇಟರಿಂಗ್ ಅಡುಗೆಮನೆಗೆ ಶುಚಿತ್ವದ ಕೈಪಿಡಿ ಬೇಕು, ಕಟ್ಟಡದವನಿಗೆ ಕೆಲಸದ ಕ್ರಮ ವಿವರಿಸುವ ಮೆಥಡ್ ಸ್ಟೇಟ್‌ಮೆಂಟ್ ಬೇಕು. ಬಿಸಿಲಿನ ನಿಯಮದ ಫಲಕವೂ ಬೇಕು: ಜೂನ್ 15ರಿಂದ ಸೆಪ್ಟೆಂಬರ್ 15ರವರೆಗೆ ಮಧ್ಯಾಹ್ನ 12.30ರಿಂದ 3ರ ತನಕ ಬಯಲಿನ ಕೆಲಸ ನಿಷಿದ್ಧ. ಕೆಲಸದ ವೇಳಾಪಟ್ಟಿಯನ್ನು ಅರೇಬಿಕ್ ಜೊತೆಗೆ ಕಾರ್ಮಿಕರಿಗೆ ತಿಳಿಯುವ ಭಾಷೆಯಲ್ಲೂ ತೂಗುಹಾಕಬೇಕು. ಬಂಗಾಳಿ, ಉರ್ದು, ಮಲಯಾಳಂ ಆಡುವವರೆಲ್ಲ ಒಂದೇ ಸಾರುವೆಯ ಮೇಲೆ ನಿಂತಿರುವ ಕಡೆ ಚಿತ್ರವೇ ವಾಸಿ.

ಇಷ್ಟೆಲ್ಲ ಕೆಲಸವಿದ್ದರೂ ಸ್ವತಂತ್ರವಾಗಿ ಮಾಡಲು ಬಹುಕಾಲ ದಾರಿ ಇರಲಿಲ್ಲ. ಇಲ್ಲಿಯ 1980ರ ಕಾರ್ಮಿಕ ಕಾನೂನಿನ ಕಾಲದಲ್ಲಿ ವೀಸಾ ಕೊಟ್ಟ ಕಂಪನಿಗಷ್ಟೇ ದುಡಿಮೆ. ರಾತ್ರಿ ಕೂತು ಬೇರೆಯವರಿಗೆ ಬರೆದುಕೊಟ್ಟರೆ ಅದು ಕದ್ದ ಕೆಲಸ. ಆಮೇಲೆ ಮಾಧ್ಯಮದವರಿಗೆ ಅಬುಧಾಬಿಯ ಮಾಧ್ಯಮ ವಲಯ ಟೂಫೋರ್‌54 ಫ್ರೀಲಾನ್ಸ್ ಪರವಾನಗಿ ಕೊಟ್ಟಿತು. 2017ರಲ್ಲಿ ದುಬೈ ತನ್ನದೊಂದು ಫ್ರೀಲಾನ್ಸ್ ಯೋಜನೆ ತೆರೆಯಿತು. ಹೊಸ ಕಾರ್ಮಿಕ ಕಾನೂನು 2022ರ ಫೆಬ್ರುವರಿ 2ರಿಂದ ಜಾರಿಯಾಗಿ ಅರೆಕಾಲಿಕ ದುಡಿಮೆಗೆ ಜಾಗ ಮಾಡಿಕೊಟ್ಟಿತು. ಅದೇ ವರ್ಷ ಗ್ರೀನ್ ವೀಸಾ ಬಂತು: ಐದು ವರ್ಷ ವಾಸ, ಪ್ರಾಯೋಜಕ ಬೇಡ. ಆದರೆ ಹಿಂದಿನ ಎರಡು ವರ್ಷ ಸ್ವಂತ ದುಡಿಮೆಯ ವಾರ್ಷಿಕ ಆದಾಯ 3,60,000 ದಿರ್ಹಮಿಗೆ ಕಡಿಮೆ ಇರಬಾರದು, ಇಲ್ಲವೇ ಖರ್ಚು ನಿಭಾಯಿಸುವ ಹಣಬಲ ತೋರಿಸಬೇಕು. ಪುಟದ ಲೆಕ್ಕದಲ್ಲಿ ಬರೆಯುವವನು ಅಷ್ಟು ಮುಟ್ಟಬೇಕಾದರೆ ಎಷ್ಟು ಪುಟ ಬರೆಯಬೇಕೋ!

ಈಗ ಗಿರಾಕಿ ಕೃತಕ ಬುದ್ಧಿಮತ್ತೆಯಿಂದ ಕರಡು ಮಾಡಿಸಿಕೊಂಡು ಬರುತ್ತಾನೆ. 'ಸುಮ್ಮನೆ ಒಮ್ಮೆ ನೋಡಿ ಸಾರ್' ಎನ್ನುತ್ತಾನೆ. ನೋಡುವುದೆಂದರೆ ಡ್ರಾಯಿಂಗಿನಲ್ಲಿ ಎಡಕ್ಕಿರುವ ವಾಲ್ವ್ ಸೈಟಿನಲ್ಲೂ ಎಡಕ್ಕಿದೆಯೇ ಎಂದು ಹೋಗಿ ನೋಡುವುದು. ತೈಲ ಕ್ಷೇತ್ರದ ಗೇಟು ದಾಟಲು ಪಾಸ್ ಬೇಕು, ಪಾಸಿಗೆ ಕಂಪನಿಯ ಅರ್ಜಿ ಬೇಕು. ಸ್ವಂತ ಪರವಾನಗಿ ಕೈಯಲ್ಲಿರುವವನು ಖಾಲಿದಿಯಾದ ಕೋಣೆಯಲ್ಲಿ ಕೂತು, ಒಳಗಿರುವ ಫಿಟ್ಟರ್ ವಾಟ್ಸ್ಆ್ಯಪ್‌ನಲ್ಲಿ ಕಳಿಸುವ ಫೋಟೊಗೆ ಕಾಯುತ್ತಾನೆ.